ಎರಡೇ ಕಾಲಿನ ಮೇಜು

ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಕನ್ನಡ ಮಾತಾಡುವ ಮನೆಗಳು ಆ ಕಾಲಕ್ಕೆ ಹನ್ನೊಂದೋ ಹನ್ನೆರಡೋ ಇದ್ದವು. ಯಾರ ಮನೆಗೆ ಹೊಸ ಸೋಫಾ ಬರುವುದಿದ್ದರೂ, ಯಾರ ಫ್ರಿಜ್ಜು ಮೂಲೆಯಲ್ಲಿ ಕೂರದೆ ಹಟ ಮಾಡಿದರೂ ಮೊದಲ ಫೋನು ಹೋಗುತ್ತಿದ್ದದ್ದು ಅಜೀಮನಿಗೆ. ಹರಿಹರದ ಅಜೀಮ್ ಪ್ಯಾಂಟಿನ ಬಲಜೇಬಿನಲ್ಲಿ ಮೂರು ಮೀಟರಿನ ಟೇಪು ಇಲ್ಲದೆ ಹೊಸ್ತಿಲು ದಾಟಿದವನಲ್ಲ. ಅದು ಅಪ್ಪನಿಂದ ಬಂದ ಚಾಳಿ. ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವರು. ತಟ್ಟೆಯಲ್ಲಿ ರೊಟ್ಟಿ ಸ್ವಲ್ಪ ಓರೆಯಾಗಿ ಕಂಡರೂ ಹುಬ್ಬು ಗಂಟಿಕ್ಕುತ್ತಿದ್ದರು.

ಅಜೀಮ್ ಸ್ವೀಡನ್ನಿಗೆ ಬಂದದ್ದು 2001ರಲ್ಲಿ. ಮಣ್ಣು ತುಂಬುವ ದೈತ್ಯ ಲೋಡರುಗಳನ್ನು ಮಾಡುವ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗದ ಎಂಜಿನಿಯರ್. ಕೆಲಸವೆಂದರೆ ಆಕ್ಸಲುಗಳನ್ನು ಮುರಿಯುವುದು. ಒಂದು ಆಕ್ಸಲನ್ನು ಯಂತ್ರಕ್ಕೆ ಸಿಕ್ಕಿಸಿ, ಲಕ್ಷಗಟ್ಟಲೆ ಸಲ ಬಗ್ಗಿಸಿ, ಅದು ಯಾವ ಗಳಿಗೆಯಲ್ಲಿ ಪ್ರಾಣ ಬಿಡುತ್ತದೆ ಎಂದು ಬರೆದಿಡುವುದು. ಸಂಜೆ ಮನೆಗೆ ಬಂದಮೇಲೆ ಮಾತ್ರ ಒಂದು ಲೋಟ ಬಿರುಕು ಬಿಟ್ಟರೂ ಅವನಿಗೆ ಸಂಕಟ.

ಸಹೋದ್ಯೋಗಿಗಳಿಗೆ ಅವನನ್ನು ಕಂಡರೆ ಬಹಳ ಇಷ್ಟ. ಕಾರಣ ಆಕ್ಸಲ್ ಅಲ್ಲ, ಕೇಕು. ಶುಕ್ರವಾರದ ಫೀಕಾದಲ್ಲಿ, ಅಂದರೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತಿನಲ್ಲಿ, ಹದಿಮೂರು ಜನಕ್ಕೆ ಒಂದು ದುಂಡು ಕೇಕು ಬರುತ್ತಿತ್ತು. ಅಜೀಮ್ ಒಮ್ಮೆ ಪೇಪರ್ ನ್ಯಾಪ್ಕಿನ್ ಮೇಲೆ ಲೆಕ್ಕ ಹಾಕಿ ಹದಿಮೂರು ಸಮಪಾಲು ಮಾಡಿದ. ತೀರಾ ಕರಾರುವಾಕ್ಕಾಗಿ ಹಂಚುವುದಕ್ಕೆ ಸ್ವೀಡಿಶರಲ್ಲಿ ‘ಮಿಲಿಮೀಟರ್ ನ್ಯಾಯ’ ಎಂಬ ಮಾತೇ ಇದೆ. ಅದನ್ನು ಕಣ್ಣಾರೆ ಕಂಡ ಅವರು ಅಂದಿನಿಂದ ಚಾಕುವನ್ನು ಬೇರೆಯವರ ಕೈಗೆ ಕೊಡಲಿಲ್ಲ.

ಹೆಂಡತಿ ಅರ್ಜುಮಂದ್ ದಾವಣಗೆರೆಯವಳು. ಮಕ್ಕಳನ್ನು ಹಗಲು ನೋಡಿಕೊಳ್ಳುವ ದಾಗಿಸಿನಲ್ಲಿ ಕೆಲಸ. ಮಗಳು ಫರ್ಹತ್‌ಗೆ ಎಂಟು ವರ್ಷ. ಮನೆಯ ಮಾತು ಉರ್ದು. ಜಗಳಕ್ಕೆ ಮಾತ್ರ ಕನ್ನಡ, ಏಕೆಂದರೆ ಅರ್ಜುಮಂದಳಿಗೆ ಕನ್ನಡದಲ್ಲಿ ವೇಗ ಹೆಚ್ಚು. 2005ರಲ್ಲಿ ಅವರು ಸಾಲುಮನೆಯೊಂದನ್ನು ಕೊಂಡಾಗ ಆ ವೇಗಕ್ಕೆ ಒಳ್ಳೆಯ ವಸ್ತು ಸಿಕ್ಕಿತು. ಗೋಡೆ ಬಿಳಿ, ಬೀರು ಬಿಳಿ, ಮೇಜು ಬಿಳಿ, ಕಿಟಕಿಯಾಚೆ ಐದು ತಿಂಗಳು ನೆಲವೂ ಬಿಳಿ.

"ಏನ್ರೀ ಇದು ಮನೆ? ಬಂದೋರು ಚಪ್ಪಲಿ ಬಿಟ್ಟು, ಟೋಕನ್ ತಗೊಂಡು, ಡಾಕ್ಟರ್ ಯಾವಾಗ ಕರೀತಾರೆ ಅಂತ ಕಾಯ್ಬೇಕು ಹಂಗೈತೆ. ಒಂದಾದ್ರೂ ಚಂದದ ವಸ್ತು ತಂದಿದೀರಾ?"

ಈ ಪ್ರಶ್ನೆಗೆ ಒಂದು ವರ್ಷ ಉತ್ತರ ಕೊಡದೆ ತಪ್ಪಿಸಿಕೊಂಡ ಅಜೀಮ್, 2006ರ ಸೆಪ್ಟೆಂಬರಿನಲ್ಲಿ ಬದುಕಿನಲ್ಲೇ ಮೊದಲ ಬಾರಿಗೆ ಹೆಂಡತಿಗೆ ಹೇಳದೆ ಒಂದು ವಸ್ತು ತಂದ.

ಅವತ್ತು ಹೋದದ್ದು ಬದರಿನಾಥನ ಜೊತೆ. ಬದರಿನಾಥ ಮೈಸೂರಿನವನು, ಅದೇ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಬರೆಯುವವನು. ಊರಾಚೆ ಒಂದು ಹಳೆಯ ಜಮೀನ್ದಾರರ ಬಂಗಲೆಯ ಸಾಮಾನು ಹರಾಜಿಗಿದೆ, ಹುಲ್ಲು ಕತ್ತರಿಸುವ ಯಂತ್ರ ಸಿಗಬಹುದು ಎಂದು ಕಾರಿಗೆ ಟ್ರೇಲರ್ ಕಟ್ಟಿಕೊಂಡು ಹೊರಟಿದ್ದ. ಯಂತ್ರ ಸಿಗಲಿಲ್ಲ. ಆದರೆ ಕಣಜದ ಒಳಗೆ, ಗೋಡೆಗೆ ಒರಗಿ, ಮುಂದೆ ಆಲೂಗಡ್ಡೆ ಪೆಟ್ಟಿಗೆಗಳ ರಾಶಿ ಇಟ್ಟುಕೊಂಡು ಒಂದು ಮೇಜು ನಿಂತಿತ್ತು. ಅಜೀಮ್ ಅದನ್ನು ನೋಡಿ ಅಲ್ಲೇ ನಿಂತುಬಿಟ್ಟ.

ಮೇಜೆಂದರೆ ಮೇಜಲ್ಲ, ದಾವಣಗೆರೆಯ ಶಾದಿಮಹಲಿನ ವೇದಿಕೆಯಿಂದ ನೇರವಾಗಿ ಎದ್ದು ಬಂದಂತಿತ್ತು. ಮೈತುಂಬ ಚಿನ್ನ. ಅಂಚಿನುದ್ದಕ್ಕೂ ಕೆತ್ತಿದ ಎಲೆ, ಬಳ್ಳಿ, ಶಂಖ. ನಡುವೆ ದ್ರಾಕ್ಷಿಗೊಂಚಲು. ಮೇಲೆ ಹಸಿರು ಗೆರೆಯ ಅಮೃತಶಿಲೆಯ ಚಪ್ಪಡಿ. ಆ ಚಪ್ಪಡಿಯನ್ನು ರೆಕ್ಕೆಯಿರುವ ಎರಡು ಗುಂಡುಗುಂಡು ಮಕ್ಕಳು ತಲೆಯ ಮೇಲೆ ಹೊತ್ತು ನಿಂತಿದ್ದವು. ಹರಾಜಿನ ಮುದುಕ ಕೂಗಿದ: ಇಟಲಿಯದು, ಬಹಳ ಹಳೆಯದು, ಕಾನ್ಸೋಲ್ ಮೇಜು. ನೆರೆದಿದ್ದ ಸ್ವೀಡಿಶರು ಅಷ್ಟು ಚಿನ್ನವನ್ನು ಒಟ್ಟಿಗೆ ಕಂಡು ನಾಚಿಕೊಂಡವರಂತೆ ಬೂಟು ನೋಡಿಕೊಂಡರು. ಕೈ ಎತ್ತಿದವನು ಅಜೀಮ್ ಒಬ್ಬನೇ. ಸುತ್ತಿಗೆ ಬಿತ್ತು.

ಟೇಪು ತೆಗೆದು ಉದ್ದ, ಅಗಲ, ಎತ್ತರ ಅಳೆದು, ಮನೆಯ ಬಾಗಿಲಲ್ಲಿ ಹಿಡಿಸುತ್ತದೆ ಎಂದು ಖಾತ್ರಿ ಮಾಡಿಕೊಂಡ. ನಾಲ್ಕು ಜನ ಸೇರಿ ಕಲ್ಲಿನ ಚಪ್ಪಡಿ ಇಳಿಸಿದರು. ಪೆಟ್ಟಿಗೆಗಳನ್ನು ಸರಿಸಿ, ಮೇಜನ್ನು ಒಂದು ಗೇಣು ಮುಂದೆಳೆದರು. ಮೇಜು ಆರಾಮಾಗಿ ಹಿಂದಕ್ಕೆ ಮಗುಚಿ, ಆಕಾಶ ನೋಡುತ್ತಾ ಮಲಗಿಬಿಟ್ಟಿತು.

ಬದರಿನಾಥ ಬಗ್ಗಿ ನೋಡಿದ. "ಸಾಹೇಬ್ರೇ, ಎಲ್ಲಾ ಅಳತೆ ತಗೊಂಡ್ರಿ. ಕಾಲು ಎಣಿಸಿದ್ರಾ?"

ಎರಡೇ ಇದ್ದವು. ಮುಂದೆ, ಆ ರೆಕ್ಕೆಯ ಮಕ್ಕಳೇ. ಹಿಂದೆ ಏನೂ ಇಲ್ಲ. ಬಣ್ಣ ಕಾಣದ ಬೋಳು ಮರ.

ಅಜೀಮನ ಮುಖ ಸಪ್ಪಗಾಯಿತು. ಕಣಜದ ಮೂಲೆಮೂಲೆ ಹುಡುಕಿ, ಕಡೆಗೆ ಹರಾಜಿನ ಮುದುಕನ ಹತ್ತಿರ ಹೋಗಿ ತನಗೆ ಬಂದಷ್ಟು ಸ್ವೀಡಿಶಿನಲ್ಲಿ ಹಿಂದಿನ ಕಾಲು ಎಲ್ಲಿ ಎಂದು ಕೇಳಿದ. ಮುದುಕ ಬಾಯಲ್ಲಿದ್ದ ಬನ್ನು ನುಂಗುತ್ತಾ ಏನೋ ಹೇಳಿದ. ಅಜೀಮನಿಗೆ ಕೇಳಿಸಿದ್ದು ಒಂದೇ ಪದ: ವೇಗ್. ಅಂದರೆ ರಸ್ತೆ.

"ರಸ್ತೇಲಿ ಬಿದ್ದಿದೆಯಂತೆ ಕಣೋ ಬದರಿ. ತರುವಾಗ ಕಳಚಿರ್ಬೇಕು."

ಹಾಗಾಗಿ ಇಬ್ಬರೂ ಕಾರಿನ ನಾಲ್ಕೂ ದೀಪ ಮಿಣಮಿಣ ಮಾಡುತ್ತಾ, ಹಿಂದೆ ಟ್ರೇಲರಿನಲ್ಲಿ ಚಿನ್ನದ ಮಕ್ಕಳನ್ನು ಮಲಗಿಸಿಕೊಂಡು, ಜಲ್ಲಿರಸ್ತೆಯಲ್ಲಿ ಆಮೆಯಂತೆ ಹೊರಟರು. ಎಡಗಡೆಯ ಚರಂಡಿ ಬದರಿನಾಥನ ಪಾಲು, ಬಲಗಡೆಯದು ಅಜೀಮನ ಪಾಲು. ಹಿಂದೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ರೈತ ಇಳಿದು ಬಂದು, ಏನು ಕಳೆದಿದೆ ಎಂದು ಕೇಳಿದ.

"ಎರಡು ಕಾಲು," ಎಂದ ಅಜೀಮ್.

ರೈತನ ಮುಖ ಬಿಳಿಚಿಕೊಂಡಿತು. "ಯಾರದು?"

"ಇಟಲಿಯವರದ್ದು. ತುಂಬಾ ವಯಸ್ಸಾದದ್ದು."

ರೈತ ಜೇಬಿನಿಂದ ಫೋನು ತೆಗೆದು ತುರ್ತು ನಂಬರು ಒತ್ತುವಷ್ಟರಲ್ಲಿ ಬದರಿನಾಥ ಅವನ ಕೈ ಹಿಡಿದು ಟ್ರೇಲರಿನ ಹತ್ತಿರ ಎಳೆದೊಯ್ದ. ವಿಷಯ ತಿಳಿದ ಮೇಲೆ ರೈತ ಟ್ರ್ಯಾಕ್ಟರಿನ ಚಕ್ರ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ: ಮುದುಕ ಹೇಳಿದ್ದು ವೇಗ್ ಅಲ್ಲ, ವೆಗ್. ರಸ್ತೆ ಅಲ್ಲ, ಗೋಡೆ. ಇದು ಗೋಡೆಗೆ ನಿಲ್ಲಿಸುವ ಮೇಜು. ಹಿಂದಿನ ಕಾಲು ಹುಟ್ಟಿನಿಂದಲೇ ಇಲ್ಲ.

"ಹ್ರಸ್ವ, ದೀರ್ಘ!" ಎಂದು ಬದರಿನಾಥ ತಲೆ ಚಚ್ಚಿಕೊಂಡ. "ಕನ್ನಡ ಮೀಡಿಯಮ್ಮಲ್ಲಿ ಓದಿ ಹ್ರಸ್ವ ದೀರ್ಘಕ್ಕೆ ಏಟು ತಿಂದ್ವಲ್ಲ ಸಾಹೇಬ್ರೇ!"

ಅಜೀಮನಿಗೆ ವ್ಯಾಕರಣ ಅರ್ಥವಾಯಿತು, ಮೇಜು ಅರ್ಥವಾಗಲಿಲ್ಲ. ಗೋಡೆಯಿಲ್ಲದೆ ನಿಲ್ಲಲಾರದ್ದನ್ನು ಮೇಜು ಎನ್ನುವುದು ಹೇಗೆ? ಯಾವನೋ ಬಡಗಿ ಅರ್ಧ ಕೆಲಸ ಮಾಡಿ ಕೈತೊಳೆದುಕೊಂಡಿದ್ದಾನೆ, ಇಷ್ಟು ವರ್ಷ ಯಾರೂ ಅದನ್ನು ಕೇಳಿಲ್ಲ ಎಂದೇ ಅವನ ತೀರ್ಮಾನ.

ಮನೆ ಬಾಗಿಲು ತೆರೆದ ಅರ್ಜುಮಂದ್ ಮೊದಲು ಚಿನ್ನ ನೋಡಿದಳು. "ಯಾ ಅಲ್ಲಾ!" ಎಂದು ಎರಡೂ ಕೈ ಕೆನ್ನೆಗೆ ಹೋದವು. ಗಂಡ ತನಗಾಗಿ ತಂದದ್ದು ಎಂದು ತಿಳಿದು ಕಣ್ಣಲ್ಲಿ ನೀರೂ ಬಂತು. ಆಮೇಲೆ ನೋಟ ಕೆಳಗಿಳಿದು ಆ ಎರಡು ಮಕ್ಕಳ ಮೇಲೆ ನಿಂತಿತು.

"ರೀ, ಇವಕ್ಕೆ ಮೈಮೇಲೆ ಬಟ್ಟೆ ಇಲ್ಲ."

"ಚಿಕ್ಕ ಮಕ್ಕಳಲ್ವೇನೆ."

"ಚಿಕ್ಕ ಮಕ್ಕಳಾದ್ರೆ? ಜುಮ್ಮಾ ದಿನ ಜನ ಬಂದ್ರೆ ಏನಂತಾರೆ?"

ಸಂಜೆಯೊಳಗೆ ಹಳೆಯ ಜರಿ ದುಪಟ್ಟಾ ಕತ್ತರಿಸಿ ಎರಡಕ್ಕೂ ನೆರಿಗೆಯ ಲಂಗ ಹೊಲಿದು ಕಟ್ಟಿದಳು. ಫರ್ಹತ್ ಶಾಲೆಯಿಂದ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿ, ಸ್ವೀಡಿಶಿನಲ್ಲಿ ತಕರಾರು ತೆಗೆದಳು. ಮಕ್ಕಳ ಕೈಲಿ ಇಷ್ಟು ಭಾರ ಹೊರಿಸುವ ಹಾಗಿಲ್ಲ, ಇದು ಕಾನೂನಿಗೆ ವಿರುದ್ಧ, ಟೀಚರಿಗೆ ಹೇಳುತ್ತೇನೆ. "ದೆ ಆರ್ ಬಾರ್ನ್‌ಆರ್ಬೇತೆ, ಅಬ್ಬಾ!" ಎಂದು ಅವಳು ಅಂದದ್ದನ್ನು ಅರ್ಜುಮಂದ್ ನಗುತ್ತಾ ಗಂಡನಿಗೆ ಬಿಡಿಸಿದಳು: "ಬಾಲಕಾರ್ಮಿಕರಂತೆ ರೀ. ಅದಕ್ಕಾದ್ರೂ ಬೇಗ ಹಿಂದಿನ ಕಾಲು ಮಾಡಿ."

ಅಜೀಮ್ ಮಾಡಿದ. ಒಂದು ವಾರ ಕೆಲಸ ಮುಗಿದ ಮೇಲೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಕೂತು, ಕಲ್ಲಿನ ತೂಕ, ಅದರ ಮೇಲೆ ಫರ್ಹತ್ ಹತ್ತಿ ಕುಣಿದರೆ ಬೀಳುವ ತೂಕ, ಎಲ್ಲಾ ಕೂಡಿಸಿ ಎರಡು ಉಕ್ಕಿನ ಕೊಳವೆಗಳನ್ನು ಸಿದ್ಧಮಾಡಿದ. ಎತ್ತರ ಹೊಂದಿಸಲು ಕೆಳಗೆ ತಿರುಪು. ಮೇಜಿನ ಹಿಂಬದಿಗೆ ತೂತು ಕೊರೆದು ಬೋಲ್ಟು ಬಿಗಿದ. ಬಣ್ಣಕ್ಕೆ ಮಾತ್ರ ಕಾರ್ಖಾನೆಯಲ್ಲಿ ಸಿಕ್ಕಿದ್ದು ಲೋಡರಿಗೆ ಬಳಿಯುವ ಹಳದಿ. ಚಿನ್ನವೂ ಹಳದಿಯೇ ತಾನೆ ಎಂದುಕೊಂಡ. ಮೇಲೆ ನಾಲ್ಕು ಮೂಟೆ ಬಾಸ್ಮತಿ ಅಕ್ಕಿ ಹೇರಿ ಎರಡು ದಿನ ಬಿಟ್ಟು ಪರೀಕ್ಷಿಸಿದ. ಕೂದಲೆಳೆಯಷ್ಟೂ ಅಲುಗಲಿಲ್ಲ.

ಹೀಗೆ ಆ ಮೇಜು, ಮುಂದೆ ಜರಿಲಂಗದ ಎರಡು ದೇವದೂತರು, ಹಿಂದೆ ಲೋಡರಿನ ಎರಡು ಕಾಲು ಹೊತ್ತು, ಹಜಾರದ ನಟ್ಟನಡುವೆ ಸ್ವತಂತ್ರವಾಗಿ ನಿಂತಿತು. ಬಂದವರು ಹೊಗಳಿದರು. ಬದರಿನಾಥ ಮಾತ್ರ ಪ್ರತಿ ಸಲವೂ ಕಾಲು ಎಣಿಸಿ ಕೂರುತ್ತಿದ್ದ.

ಪಕ್ಕದ ಮನೆಯ ಗುನ್‌ವೋರ್ ಬಂದದ್ದು ನವೆಂಬರಿನಲ್ಲಿ, ಏಣಿ ಕೇಳಲು. ಎಪ್ಪತ್ತೆರಡರ ಒಂಟಿ ಹೆಂಗಸು. ಸ್ವೀಡಿಶರ ಪದ್ಧತಿಯಂತೆ ಎಲ್ಲರನ್ನೂ ‘ನೀನು’ ಎನ್ನುವವರು. ಅಜೀಮನ ನಾಲಿಗೆ ಮಾತ್ರ ಅವರಿಗೆ ‘ನೀನು’ ಎನ್ನಲು ಒಂದು ವರ್ಷದಿಂದ ಒಪ್ಪಿರಲಿಲ್ಲ, ಆದ್ದರಿಂದ ಸರ್ವನಾಮವೇ ಬರದ ಹಾಗೆ ವಾಕ್ಯ ಕಟ್ಟುತ್ತಿದ್ದ. ಗುನ್‌ವೋರ್ ಬಾಗಿಲಲ್ಲಿ ಬೂಟು ಬಿಚ್ಚುತ್ತಾ ಒಳಗೆ ನೋಡಿದರು. ಒಂದು ಬೂಟು ಕಾಲಲ್ಲೇ ಉಳಿಯಿತು. ನೇರ ಬಂದು, ಮಂಡಿಯೂರಿ, ಲಂಗ ಎತ್ತಿ ನೋಡಿ, ಮೇಜಿನ ಹಿಂದೆ ತಲೆ ಹಾಕಿದರು. ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ಅರ್ಜುಮಂದ್ ನೀರು ತಂದಳು.

ಗುನ್‌ವೋರ್ ನಲವತ್ತು ವರ್ಷ ಮರಕ್ಕೆ ಚಿನ್ನದ ತೆಳುಹಾಳೆ, ಅಂದರೆ ರೇಕು, ಹಚ್ಚುವ ಕೆಲಸ ಮಾಡಿದವರೆಂದು ಅವತ್ತೇ ತಿಳಿದದ್ದು. ಚರ್ಚುಗಳ ಪೀಠ, ಅರಮನೆಗಳ ಕನ್ನಡಿಯ ಚೌಕಟ್ಟು, ಎಲ್ಲಾ ಅವರ ಕೈದಾಟಿ ಹೋಗಿದ್ದವು.

"ಇದು ನಿಜವಾದದ್ದು," ಎಂದರು ಕಡೆಗೆ. "ಇನ್ನೂರೈವತ್ತು ವರ್ಷ ಆಗಿರಬೇಕು. ಇದನ್ನು ದೊಡ್ಡ ಕನ್ನಡಿಯ ಕೆಳಗೆ, ಗೋಡೆಗೆ ಕೊಕ್ಕೆ ಹಾಕಿ ನಿಲ್ಲಿಸುತ್ತಿದ್ದರು. ಹಿಂಭಾಗ ಯಾರಿಗೂ ಕಾಣುವುದಿಲ್ಲ, ಅದಕ್ಕೇ ಅಲ್ಲಿ ಕೆತ್ತನೆಯೂ ಇಲ್ಲ, ಚಿನ್ನವೂ ಇಲ್ಲ. ನೋಡು, ಹಳೆಯ ಕೊಕ್ಕೆಯ ಗುರುತು ಇಲ್ಲೇ ಇದೆ. ಮತ್ತೆ ಈ ತೂತು ಕೊರೆದವರು ಯಾರು?"

"ನಾನೇ," ಎಂದ ಅಜೀಮ್. ದನಿ ಪಾತಾಳಕ್ಕೆ ಇಳಿದಿತ್ತು.

ಗುನ್‌ವೋರ್ ಬೆರಳಿನಿಂದ ತೂತಿನ ಅಂಚು ಸವರಿದರು. "ನಲವತ್ತು ವರ್ಷದಲ್ಲಿ ಹಳೇ ಸಾಮಾನು ಹಾಳುಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ಅಚ್ಚುಕಟ್ಟಾಗಿ ಹಾಳುಮಾಡಿದವರನ್ನು ಇದೇ ಮೊದಲು ನೋಡಿದ್ದು."

ಅಜೀಮನಿಗೆ ಅವತ್ತು ಊಟ ಸೇರಲಿಲ್ಲ. ಇನ್ನೂರೈವತ್ತು ವರ್ಷ ಬದುಕಿ ಬಂದ ಮರಕ್ಕೆ ತಾನು ಲೋಡರಿನ ಕಾಲು ಹಾಕಿದೆನಲ್ಲ ಎಂಬ ಸಂಕಟ ಒಂದು ಕಡೆ. ಆ ಬಡಗಿ ಅರ್ಧ ಕೆಲಸ ಮಾಡಿದವನಲ್ಲ, ಗೋಡೆಯನ್ನೂ ಮೇಜಿನ ಭಾಗವೆಂದೇ ಲೆಕ್ಕ ಹಿಡಿದವನು ಎಂಬ ಬೆರಗು ಇನ್ನೊಂದು ಕಡೆ. ಮಾರನೆಯ ದಿನ ಹಳದಿ ಕಾಲುಗಳನ್ನು ಬಿಚ್ಚಿದ. ಇನ್ನು ಉಳಿದದ್ದು ಗೋಡೆ ಹುಡುಕುವುದು.

ಮನೆಯ ಒಳಗೋಡೆಗಳೆಲ್ಲ ತೆಳು ಹಲಗೆ. ಕ್ಯಾಲೆಂಡರು ಹೊರುವುದೇ ಹೆಚ್ಚು. ಗಟ್ಟಿ ಇಟ್ಟಿಗೆಯದು ಒಂದೇ, ಗುನ್‌ವೋರರ ಮನೆಗೂ ಇವರ ಮನೆಗೂ ನಡುವಿನ ಗೋಡೆ. ಅಜೀಮ್ ವಠಾರದ ಸಂಘಕ್ಕೆ ಅರ್ಜಿ ಹಾಕಿ, 1964ರ ನಕ್ಷೆ ತರಿಸಿದ. ಗೋಡೆಯ ದಪ್ಪ ಇಪ್ಪತ್ತೈದು ಸೆಂಟಿಮೀಟರ್. ತೂತು ಹದಿನಾಲ್ಕು ಸಾಕು. ಡ್ರಿಲ್ಲಿನ ಮೊನೆಗೆ ಹದಿನಾಲ್ಕಕ್ಕೆ ಕೆಂಪು ಟೇಪು ಸುತ್ತಿದ. ಶನಿವಾರ ಮಧ್ಯಾಹ್ನ, ಬದರಿನಾಥ ವ್ಯಾಕ್ಯೂಮ್ ಕ್ಲೀನರಿನಿಂದ ಧೂಳು ಹೀರುತ್ತಿರಲು, ಕೊರೆಯತೊಡಗಿದ.

ಹನ್ನೆರಡು ಸೆಂಟಿಮೀಟರಿಗೆ ಡ್ರಿಲ್ಲು ಫಕ್ಕನೆ ಮುಂದಕ್ಕೆ ನುಗ್ಗಿತು. ಆಚೆ ಕಡೆ ಪಿಂಗಾಣಿ ಒಡೆದ ಸದ್ದು. ಆಮೇಲೆ ತೂತಿನೊಳಗಿಂದ, ಬಾವಿಯಿಂದ ಬಂದಂತೆ, ಗುನ್‌ವೋರರ ದನಿ: "ಅಜೀಮ್? ನೀನೇನಾ?"

ಅಜೀಮ್ ಡ್ರಿಲ್ಲನ್ನು ಬದರಿನಾಥನ ಕೈಗೆ ತುರುಕಿ ಕಾಲುಚೀಲದಲ್ಲೇ ಹಿಮದ ಮೇಲೆ ಓಡಿದ. ಗುನ್‌ವೋರರ ಗಂಡ ಎಂದೋ ರೇಡಿಯೋ ಇಡಲೆಂದು ತಮ್ಮ ಕಡೆಯಿಂದ ಗೋಡೆ ಕೊರೆದು ಒಂದು ಅಗಲವಾದ ಗೂಡು ಮಾಡಿದ್ದರಂತೆ. ನಕ್ಷೆಯಲ್ಲಿ ಅದು ಎಲ್ಲಿಂದ ಬರಬೇಕು? ಈಗ ಆ ಗೂಡಿನಲ್ಲಿ ಕಾಫಿ ಬಟ್ಟಲುಗಳಿದ್ದವು. ಡ್ರಿಲ್ಲು ಅವುಗಳಲ್ಲಿ ಒಂದರ ಮೇಲೆ ಗುರಿಯಿಟ್ಟಂತೆ ಬಂದಿತ್ತು.

ಅಜೀಮ್ ಕೈಮುಗಿದು ನಿಂತ. ಕ್ಷಮೆ ಕೇಳುವ ಸ್ವೀಡಿಶ್ ಮಾತುಗಳೆಲ್ಲ ಮುಗಿದು ಕನ್ನಡಕ್ಕೆ ಬಂದಿದ್ದ. "ತಪ್ಪಾಯ್ತು ಅಜ್ಜಿ, ತಪ್ಪಾಯ್ತು."

ಗುನ್‌ವೋರ್ ಚೂರುಗಳನ್ನು ಒಟ್ಟುಮಾಡಲು ಕೈ ಚಾಚಿದರು. ಆಗ ಅಜೀಮ್ ನೋಡಿದ, ಅವರ ಕೈ ನಡುಗುತ್ತಿತ್ತು. ಹೆದರಿ ಅಲ್ಲ, ಯಾವಾಗಲೂ ನಡುಗುವ ಕೈ. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ.

"ಇದಕ್ಕೇ ಕೆಲಸ ಬಿಟ್ಟದ್ದು," ಎಂದರು. "ನಿನ್ನ ಕೈ ತೋರಿಸು." ಅಜೀಮ್ ಬಲಗೈ ಚಾಚಿದ. ಇಷ್ಟೆಲ್ಲಾ ಗಾಬರಿಯಲ್ಲೂ ಅದು ಕಲ್ಲಿನಂತೆ ನಿಂತಿತ್ತು. ಗುನ್‌ವೋರ್ ಕೈಯನ್ನೂ ತೂತನ್ನೂ ನೋಡಿ, ಏನೋ ನಿರ್ಧರಿಸಿದವರಂತೆ ಹೇಳಿದರು: "ಹೋಗು, ಇನ್ನೊಂದು ತೂತೂ ಕೊರೆ. ಒಂದೇ ಇದ್ದರೆ ಸೊಟ್ಟ ಕಾಣುತ್ತದೆ. ಬೋಲ್ಟು ಈ ಕಡೆ ಬರಲಿ, ನಾನು ನಟ್ಟು ಹಾಕಿಸಿಕೊಳ್ಳುತ್ತೇನೆ. ಆದರೆ ನನ್ನ ನೆಲಮಾಳಿಗೆಯಲ್ಲಿ ಅರ್ಧಕ್ಕೆ ನಿಂತ ಒಂದು ಕನ್ನಡಿ ಚೌಕಟ್ಟಿದೆ. ಅದನ್ನು ನೀನು ಮುಗಿಸಿಕೊಡಬೇಕು."

ಹೀಗೆ ಇಟಲಿಯ ಮೇಜು ಅಜೀಮನ ಹಜಾರದಲ್ಲಿ ನಿಂತಿತು, ಅದನ್ನು ಹಿಡಿದ ನಟ್ಟುಗಳು ಗುನ್‌ವೋರರ ಗೂಡಿನಲ್ಲಿ ಉಳಿದವು. ಗೋಡೆಯ ಎರಡೂ ಬದಿಯಿಂದ ಬಿಗಿದ ಬೋಲ್ಟಿಗಿಂತ ಗಟ್ಟಿಯಾದದ್ದಿಲ್ಲ ಎಂದು ಅಜೀಮ್ ಬಂದವರಿಗೆಲ್ಲ ವಿವರಿಸುತ್ತಿದ್ದ. ಹೆಂಡತಿ "ಬಟ್ಟಲು ಒಡೆದದ್ದೂ ಹೇಳ್ರೀ" ಎಂದು ಅಡುಗೆಮನೆಯಿಂದ ನೆನಪಿಸುತ್ತಿದ್ದಳು.

ಚೌಕಟ್ಟಿನ ಕೆಲಸ ಅಜೀಮ್ ಅಂದುಕೊಂಡಷ್ಟು ಸುಲಭವಿರಲಿಲ್ಲ. ಮೊದಲು ಸೀಮೆಸುಣ್ಣದ ಪುಡಿ, ಅಂಟು ಕಲಸಿ ಎಂಟು ಪದರ ಬಳಿಯಬೇಕು. ಅದನ್ನು ಉಜ್ಜಿ ನಯ ಮಾಡಬೇಕು. ಮೇಲೆ ಕೆಂಪು ಜೇಡಿ. ಅಲ್ಲಿಯವರೆಗೆ ಪರವಾಗಿಲ್ಲ. ರೇಕಿನ ಸರದಿ ಬಂದಾಗ ಅವನ ವಿದ್ಯೆಯೆಲ್ಲ ಕೈಕೊಟ್ಟಿತು. ಮೈಕ್ರೋಮೀಟರಿನಲ್ಲಿ ಹಿಡಿದರೆ ರೇಕು ಹರಿಯಿತು. ಟೇಪು ತೆಗೆದ ಗಾಳಿಗೆ ಒಂದು ಹಾರಿಹೋಗಿ ಗುನ್‌ವೋರರ ಕನ್ನಡಕಕ್ಕೆ ಅಂಟಿತು. ಉಸಿರು ಬಿಟ್ಟರೆ ಇನ್ನೊಂದು ಅಟ್ಟಕ್ಕೆ ಏರಿತು. ಅಗಲ ಕುಂಚವನ್ನು ಮೊದಲು ಕೆನ್ನೆಗೆ ಸವರಿ, ಚರ್ಮದ ಜಿಡ್ಡು ಹತ್ತಿಸಿಕೊಂಡು ರೇಕು ಎತ್ತಬೇಕು. ಅಜೀಮನಿಗೆ ಕೆನ್ನೆತುಂಬ ಗಡ್ಡ. ಹಣೆಗೆ ಸವರಿಕೊಂಡ. ಆವತ್ತು ಮನೆಗೆ ಬಂದವನ ಹುಬ್ಬಿನ ಮೇಲೆ ಬಂಗಾರ ಮಿಂಚುತ್ತಿರುವುದನ್ನು ಕಂಡು ಅರ್ಜುಮಂದ್ ಮದುವೆ ದಿನಕ್ಕಿಂತ ಚೆನ್ನಾಗಿ ಕಾಣುತ್ತೀರಿ ಎಂದಳು, ಅದೂ ಉರ್ದುವಿನಲ್ಲಿ.

ಮೂರು ತಿಂಗಳು ಬೇಕಾಯಿತು. ಒಂದು ದಿನ ಕೈ ತಾನಾಗಿ ರೇಕನ್ನು ಎತ್ತಿ, ಒದ್ದೆ ಜೇಡಿಯ ಮೇಲೆ ಇಟ್ಟಿತು. ಜೇಡಿ ಅದನ್ನು ಎಳೆದುಕೊಂಡಿತು. ಅಜೀಮ್ ಉಸಿರಾಡಲು ಮರೆತು ನಿಂತ. ಗುನ್‌ವೋರ್ ಕಾಫಿ ತಂದಿಟ್ಟರು. ಚೌಕಟ್ಟು ಮುಗಿದ ಮೇಲೂ ಅವನು ಆ ನೆಲಮಾಳಿಗೆಗೆ ಹೋಗಿ ಕಲಿಯುವುದನ್ನು ಬಿಡಲಿಲ್ಲ.

2008ರ ಕೊನೆಗೆ ಜಗತ್ತಿನಲ್ಲೆಲ್ಲ ಕಟ್ಟಡ ಕಟ್ಟುವವರು ಕೈಕಟ್ಟಿ ಕೂತರು; ಲೋಡರುಗಳಿಗೆ ಗಿರಾಕಿ ಇಲ್ಲದಾಯಿತು. ಅಜೀಮನ ವಿಭಾಗದವರಿಗೆ ವಾರಕ್ಕೆ ಮೂರು ದಿನವಷ್ಟೇ ಕೆಲಸ. ಉಳಿದವರು ಚಿಂತೆಯಲ್ಲಿ ಮುಳುಗಿದ್ದರೆ ಇವನು ಬೆಳಗಾಗುತ್ತಲೇ ಪಕ್ಕದ ಮನೆಯ ನೆಲಮಾಳಿಗೆಗೆ ಇಳಿಯುತ್ತಿದ್ದ. ಚಿಂತೆ ಅವನಿಗೂ ಇತ್ತು. ಆದರೆ ರೇಕಿನ ಮುಂದೆ ನಿಟ್ಟುಸಿರು ಬಿಡುವ ಹಾಗಿರಲಿಲ್ಲವಲ್ಲ.

ಮರುವರ್ಷ ವಸಂತದಲ್ಲಿ ಹತ್ತಿರದ ಹಳ್ಳಿಯೊಂದರ ಚರ್ಚಿನವರು ಗುನ್‌ವೋರರಿಗೆ ಫೋನು ಮಾಡಿದರು. ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ತಾಮ್ರದ ಹುಂಜ ಕಪ್ಪಾಗಿದೆ, ಇಳಿಸಿದ್ದೇವೆ, ಚಿನ್ನ ಹಚ್ಚಿಕೊಡುತ್ತೀರಾ? ಗುನ್‌ವೋರ್ ತಮ್ಮಿಂದಾಗದು, ಆದರೆ ತಮ್ಮ ಶಿಷ್ಯನಿದ್ದಾನೆ ಎಂದರು. ಹುಂಜ ಆಳೆತ್ತರ ಇತ್ತು. ಟ್ರೇಲರಿನವನು ಮತ್ತೆ ಬದರಿನಾಥ.

"ಅಲ್ಲ ಸಾಹೇಬ್ರೇ, ನೀವು ನಮಾಜಿಗೆ ಹೋಗೋರು. ಇದು ಚರ್ಚಿಂದು. ಸಾಗಿಸೋನು ನಾನು. ನನ್ನ ಗಾಡೀಲಿ ಇದುವರೆಗೂ ಒಂದು ಮೊಟ್ಟೆ ಬಂದಿಲ್ಲ. ಈಗ ಇಡೀ ಕೋಳಿ!"

"ತಾಮ್ರದ್ದು ಕಣೋ."

"ನನ್ನ ಹೆಂಡ್ತಿ ಜಾನಕಿಗೆ ನೀವೇ ಹೇಳಿ ಅದನ್ನ."

ಪಾದ್ರಿಗೂ ಸಣ್ಣ ಅನುಮಾನವಿತ್ತು, ಧರ್ಮದ ಬಗ್ಗೆ ಅಲ್ಲ, ಅನುಭವದ ಬಗ್ಗೆ. ಹಿಂದೆ ಯಾವ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದಳು. ಪಾದ್ರಿ ಹೆಂಗಸಾಗಿದ್ದಳು. ಅಜೀಮ್ ನಿಜ ಹೇಳಿದ: ಮುರಿಯುವ ಕೆಲಸ. ಆಕೆ ಗುನ್‌ವೋರರತ್ತ ನೋಡಿದಳು. ಗುನ್‌ವೋರ್, "ಅದರಲ್ಲೂ ಅವನು ಬಹಳ ಅಚ್ಚುಕಟ್ಟು," ಎಂದರು.

ಹುಂಜಕ್ಕೆ ಐದು ವಾರ ಹಿಡಿಯಿತು. ಕ್ರೇನು ಅದನ್ನು ಮೇಲೇರಿಸಿದ ದಿನ ಹಳ್ಳಿಯವರು ಹುಲ್ಲಿನ ಮೇಲೆ ಮೇಜು ಹಾಕಿ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟಿದ್ದರು. ಅರ್ಜುಮಂದ್ ತನ್ನ ಪಾಲಿಗೆ ಒಂದು ಡಬ್ಬಿ ತುಂಬ ಸಮೋಸ ತಂದಿದ್ದಳು. ಹುಂಜ ಗೋಪುರ ಮುಟ್ಟುವ ಮೊದಲೇ ಡಬ್ಬಿ ಖಾಲಿ. ಬಿಸಿಲು ಬಿದ್ದಾಗ ಎಲ್ಲರೂ ಒಮ್ಮೆಲೇ ಕಣ್ಣಿಗೆ ಕೈ ಅಡ್ಡ ಹಿಡಿದರು. ಗುನ್‌ವೋರ್ ತಮ್ಮ ನಡುಗುವ ಕೈಯನ್ನು ಅಜೀಮನ ತೋಳಿನ ಮೇಲಿಟ್ಟು, "ನೀನು ಮಾಡಿದ್ದು," ಎಂದರು.

ಲೋಡರುಗಳಿಗೆ ಮತ್ತೆ ಗಿರಾಕಿ ಬಂದರು. ಕಾರ್ಖಾನೆ ಅಜೀಮನನ್ನು ಪೂರ್ತಿ ಕೆಲಸಕ್ಕೆ ಕರೆಯಿತು. ಅವನು ನಾಲ್ಕೇ ದಿನ ಸಾಕೆಂದ. ಹರಿಹರದ ಅಪ್ಪನಿಗೆ ಫೋನಿನಲ್ಲಿ ಇದನ್ನು ವಿವರಿಸಲು ಒಂದು ಗಂಟೆ ಬೇಕಾಯಿತು. ಎಲ್ಲ ಕೇಳಿದ ಮೇಲೆ ಅಪ್ಪ, ಕೆತ್ತನೆಯ ಸಂದಿಯಲ್ಲಿ ರೇಕು ಹೇಗೆ ಕೂರಿಸುತ್ತೀಯ ಎಂದು ಕೇಳಿ, ಇನ್ನೊಂದು ಗಂಟೆ ಮಾತಾಡಿದರು.

ಸ್ಟಾಕ್‌ಹೋಮಿಗೆ ಹೋಗುವ ರೈಲಿನಿಂದ ಆ ಹುಂಜ ಕ್ಷಣಕಾಲ ಕಾಣುತ್ತದೆ. ಫರ್ಹತ್ ಪ್ರತಿ ಸಲವೂ ಬೋಗಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಅದು ನಮ್ಮಪ್ಪನದು ಎಂದು ಸ್ವೀಡಿಶಿನಲ್ಲಿ ಕೂಗುತ್ತಾಳೆ. ಜನ ತಿರುಗಿ ನೋಡುತ್ತಾರೆ. ಅಜೀಮ್ ಮಾತ್ರ ಆ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾನೆ. ಬಾಲದ ಕೆಳಗೆ, ಮೂರನೆಯ ಗರಿಯ ಹತ್ತಿರ, ಒಂದು ರೇಕು ಸ್ವಲ್ಪ ಸೊಟ್ಟ ಕೂತಿದೆ. ಅದು ಇನ್ಯಾರಿಗೂ ಕಾಣುವುದಿಲ್ಲ ಎಂದು ಅರ್ಜುಮಂದ್ ಎಷ್ಟು ಹೇಳಿದರೂ ಅವನು ಕೇಳುವುದಿಲ್ಲ.